ರಾತ್ರಿಯ ಬಾಟಲಿ ಬೇಡ ಕಣಮ್ಮ

ಸಮೇತನಹಳ್ಳಿ

ಪ್ರೀತಿಯ ಮಗಳೇ,

ಊರಲ್ಲಿ ಎಳೆಕೂಸಿರುವ ನಿನ್ನಂಥವರಿಗೆಲ್ಲ ಸೇರಿಸಿಯೇ ಬರೆಯುತ್ತಿದ್ದೇನೆ. ಮಗುವಿನ ಹಲ್ಲಿನ ಮಾತೆತ್ತಿದರೆ ನಮ್ಮ ಕಡೆ ಎಲ್ಲರದೂ ಒಂದೇ ಉತ್ತರ: "ಹಾಲುಹಲ್ಲು ತಾನೆ, ಹೆಂಗೂ ಬಿದ್ದೋಗ್ತವೆ." ಬೀಳುತ್ತವೆ, ನಿಜ. ಆದರೆ ಮುಂದಿನವು 6-7 ವರ್ಷಕ್ಕೆ, ದವಡೆಯವು 10-12ಕ್ಕೆ. ಅದಕ್ಕೆ ಮುಂಚೆಯೇ ಹುಳುಕು ಹಿಡಿದರೆ ಮುದ್ದೆಯನ್ನೇನೋ ನುಂಗಬಹುದು, ಚಪಾತಿ, ಸೌತೆಕಾಯಿ ಅಗಿಯೋದು ಹೇಗೆ? ದವಡೆಹಲ್ಲು ಬೇಗ ಹೋದರೆ ಪಕ್ಕದ್ದು ಆ ಜಾಗಕ್ಕೆ ವಾಲುತ್ತದೆ, ಕಾಯಂ ಹಲ್ಲು ಸೊಟ್ಟ ಬರುತ್ತದೆ.

ಹುಳುಕಿಗೆ ಅನುಕೂಲದ ಹೊತ್ತು ರಾತ್ರಿ. ನಿದ್ದೆಯಲ್ಲಿ ಜೊಲ್ಲು ಕಮ್ಮಿ. ಬಾಟಲಿ ಚೀಪುತ್ತಲೇ ಮಲಗಿದ ಮಗುವಿನ ಮೇಲಿನ ಮುಂದಲ್ಲುಗಳಿಗೆ ಸಕ್ಕರೆಹಾಲು ಅಂಟಿ ನಿಲ್ಲುತ್ತದೆ; ಕೆಳಗಿನವು ನಾಲಿಗೆಯ ಮರೆಯಲ್ಲಿ ಬಚಾವು. ಆದ್ದರಿಂದ ಆಗಾಗ ಮೇಲ್ತುಟಿ ಎತ್ತಿ ನೋಡು. ಒಸಡಿನಂಚಿಗೆ ಸುಣ್ಣದ ಗೆರೆಯಂಥ ಬಿಳುಪು ಕಂಡರೆ ಅದೇ ಮೊದಲ ಸುಳಿವು. ಆಗ ತಡೆಯಬಹುದು.

ಮೊದಲ ಹಲ್ಲು ಸುಮಾರು 6 ತಿಂಗಳಿಗೆ ಬರುತ್ತದೆ. ಅಂದಿನಿಂದಲೇ ಬೆಳಗ್ಗೆ, ರಾತ್ರಿ ಮೆತ್ತನೆ ಬ್ರಶ್ಶಿನಲ್ಲಿ ಉಜ್ಜು. ಫ್ಲೋರೈಡ್ ಪೇಸ್ಟು ಅಕ್ಕಿಕಾಳಷ್ಟೇ. 3 ವರ್ಷ ತುಂಬಿದ ಮೇಲೆ ಬಟಾಣಿಕಾಳಷ್ಟು. ಪಕ್ಕದ ಕೋಲಾರದ ಕಡೆ ಎಷ್ಟೋ ಕೊಳವೆಬಾವಿಗಳ ನೀರಲ್ಲೇ ಫ್ಲೋರೈಡ್ ಜಾಸ್ತಿ. ಅಂಥ ನೀರಿನ ಜೊತೆ ದಿನಾ ಪೇಸ್ಟೂ ಹೊಟ್ಟೆಗಿಳಿದರೆ ಕಾಯಂ ಹಲ್ಲಿಗೆ ಕಲೆ ಬೀಳಬಹುದು. ಇದ್ದಿಲಪುಡಿ, ಬೂದಿ ಬೇಡ, ಹಲ್ಲು ಸವೆಯುತ್ತದೆ.

ನೀನು ಫ್ಯಾಕ್ಟರಿಗೆ ಹೊರಟರೆ ಮಗು ಅಜ್ಜಿ ಕೈಯಲ್ಲಿ. ಅತ್ತರೆ ಬಿಸ್ಕತ್ತು, ರಾಗಿ ಸರಿಗೆ ಬೆಲ್ಲ, ಎಲ್ಲ ಅಕ್ಕರೆಯದೇ. ಜಗಳ ಮಾಡಬೇಡ. "ಅತ್ತೆ, ಸಿಹಿ ಏನಿದ್ರೂ ಊಟದ ಜೊತೆಗೇ ಕೊಡಿ, ನಡುನಡುವೆ ಬೇಡ" ಅನ್ನು. ಜೇನುತುಪ್ಪ ಮಾತ್ರ ವರ್ಷ ತುಂಬುವವರೆಗೆ ನಾಲಿಗೆಗೂ ಸವರಬಾರದು. ಜೋರು ಜ್ವರ, ಭೇದಿ ಬಂದರೆ "ಹಲ್ಲು ಬರ್ತಾ ಇದೆ" ಅಂತ ಸುಮ್ಮನಿರದೆ ಡಾಕ್ಟರ ಹತ್ತಿರ ಹೋಗು.

ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆರಡು ಸಲ ತಪಾಸಣೆ ಇದೆ, ಹಲ್ಲೂ ಅದರಲ್ಲಿ ಸೇರಿದೆ. ತಂಡ ಬಂದಾಗ "ಬಾಯೊಳಗೂ ನೋಡಿ" ಅಂತ ಕೇಳು, ಸಂಕೋಚ ಬೇಡ.

ಎಲ್ಲ ಒಟ್ಟಿಗೆ ಆಗದಿದ್ದರೆ ಬಾಟಲಿಯಿಂದ ಶುರು ಮಾಡು. ಎದೆಹಾಲು ಬಿಡಿಸು ಅನ್ನುತ್ತಿಲ್ಲ. ಮಲಗಿಸುವ ಬಾಟಲಿಯ ಹಾಲಿಗೆ ಮೊದಲು ಸಕ್ಕರೆ ನಿಲ್ಲಿಸು, ಆಮೇಲೆ ದಿನದಿನಕ್ಕೆ ನೀರು ಹೆಚ್ಚಿಸುತ್ತಾ ಬಾ. ನಾಲ್ಕು ದಿನ ರಚ್ಚೆ ಹಿಡಿದೀತು, ಹಿಡಿಯಲಿ. ಹಾಲು ಕುಡಿಸಿ, ಹಲ್ಲುಜ್ಜಿ, ಆಮೇಲೆ ಮಲಗಿಸು. ನಡುರಾತ್ರಿ ಬಾಯಾರಿದರೆ ಬರೀ ನೀರು.

ಇಂತಿ,
ನಿನ್ನ ದೊಡ್ಡಮ್ಮ