ರಸೀದಿ ಇಲ್ಲದ ಸೀಟು ಬೇಡ

ಸೋಂದಾ, ಶಿರಸಿ ತಾಲ್ಲೂಕು
ಆಷಾಢ

ಮಗೂ,

ಸಿಇಟಿಯಲ್ಲಿ ನಿನಗೆ ಬಂದ ರ‍್ಯಾಂಕಿಗೆ ಬೆಂಗಳೂರಿನ ದೊಡ್ಡ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಸೀಟು ಸಿಗಲಾರದು ಎಂದು ಗೊತ್ತಾದ ಮೇಲೆ ಯಾರೋ ಏಜೆಂಟ್ ನಿನ್ನಪ್ಪನನ್ನು ಹುಡುಕಿ ಮಾತಾಡಿದ್ದಾನಂತೆ. ಇಟ್ಟುಕೊಂಡ ಚಾಲಿ ಅಡಿಕೆ ಮಾರಿ ದುಡ್ಡು ಹೊಂದಿಸುವ ಯೋಚನೆಯೂ ನಡೆದಿದೆಯಂತೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಮನೆಗಳ ಜಗಲಿಯಲ್ಲಿ ಈ ಹೊತ್ತು ಇದೇ ಮಾತು. ಅದಕ್ಕೇ ನಿನಗೆ ಹೇಳಬೇಕಾದ್ದನ್ನು ಎಲ್ಲರೂ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಮ್ಯಾನೇಜ್‌ಮೆಂಟ್ ಸೀಟು ಎಂದ ಮಾತ್ರಕ್ಕೆ ಅದು ಅಪರಾಧವಲ್ಲ. ನಿಗದಿಯಾದ ಶುಲ್ಕವನ್ನು ಬ್ಯಾಂಕಿನಲ್ಲಿ ಕಟ್ಟಿ ರಸೀದಿ ಪಡೆದು ಸೇರುವುದು ಕಾನೂನು ಒಪ್ಪಿದ ದಾರಿ. ರಸೀದಿಯ ಆಚೆಗೆ ನಗದಾಗಿ ಕೈ ಬದಲಾಗುವ ಹಣದ ಬಗ್ಗೆ ನಾನು ಬರೆಯುತ್ತಿರುವುದು. ನಮ್ಮವರು ಅದನ್ನು ‘ಡೊನೇಶನ್’ ಎಂದು ಗೌರವದಿಂದ ಕರೆಯುತ್ತಾರೆ. ಸೊಸೈಟಿಯಲ್ಲಿ ಅಡಿಕೆ ಮಾರಿದರೆ ತೂಕ, ದರ ಎಲ್ಲ ಬರೆದ ಚೀಟಿ ಕೈಗೆ ಬರುತ್ತದೆ. ಅದಿಲ್ಲದೆ ನಿನ್ನಪ್ಪ ಒಂದು ಚೀಲವನ್ನೂ ಬಿಟ್ಟುಬರುವವನಲ್ಲ. ಅಂಥವನು ಮಗಳ ಓದಿನ ಹೆಸರಿನಲ್ಲಿ ಲಕ್ಷಗಟ್ಟಲೆ ಹಣವನ್ನು ಹೆಸರು ಗೊತ್ತಿಲ್ಲದವನ ಕೈಗೆ ಕೊಡಲು ಹೊರಟಿದ್ದಾನೆ.

ಈ ರೋಗಕ್ಕೆ ನಮ್ಮ ರಾಜ್ಯದಲ್ಲೇ ದೀರ್ಘ ಇತಿಹಾಸವಿದೆ. ಸರ್ಕಾರದ ಕೈಯಲ್ಲಿ ಸಾಕಷ್ಟು ಕಾಲೇಜುಗಳಿಲ್ಲದ ಕಾಲದಲ್ಲಿ ಖಾಸಗಿಯವರು ಕಟ್ಟಿದ ಕಾಲೇಜುಗಳಿಂದ ಸಾವಿರಾರು ಮಕ್ಕಳು ಡಾಕ್ಟರು, ಎಂಜಿನಿಯರು ಆದರು. ಅದನ್ನು ಮರೆಯಬಾರದು. ಆದರೆ ಜತೆಗೇ ಸೀಟಿಗೆ ಬೆಲೆ ಕಟ್ಟುವ ಚಾಳಿಯೂ ಬೆಳೆಯಿತು. 1984ರಲ್ಲಿ ಕರ್ನಾಟಕ ಕ್ಯಾಪಿಟೇಶನ್ ಶುಲ್ಕವನ್ನು, ಅಂದರೆ ಇದೇ ಡೊನೇಶನ್ನನ್ನು, ನಿಷೇಧಿಸುವ ಕಾಯ್ದೆ ತಂದಿತು. 1989ರಲ್ಲಿ ರಾಜ್ಯ ಸರ್ಕಾರದ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಮೂರು ದರ ಗೊತ್ತುಮಾಡಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000. ಅಷ್ಟು ಹಣ ಕಟ್ಟಲಾಗದ ಮೇರಠದ ಹುಡುಗಿಯೊಬ್ಬಳು ಸುಪ್ರೀಂ ಕೋರ್ಟಿಗೆ ಹೋದಳು. ಅದೇ ಮೋಹಿನಿ ಜೈನ್ ಪ್ರಕರಣ. ಕ್ಯಾಪಿಟೇಶನ್ ಎಂದರೆ ವಿದ್ಯೆಯ ಮಾರಾಟ, ಅದು ಸಂವಿಧಾನದ ಸಮಾನತೆಗೆ ವಿರುದ್ಧ ಎಂದು 1992ರಲ್ಲಿ ತೀರ್ಪು ಬಂತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಉಚಿತ ಸೀಟು, ಪೇಮೆಂಟ್ ಸೀಟು ಎಂಬ ವ್ಯವಸ್ಥೆಯಾಯಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ವ್ಯವಸ್ಥೆಯನ್ನು ಬದಿಗಿಟ್ಟು, ಶುಲ್ಕ ಗೊತ್ತುಮಾಡುವ ಸ್ವಾತಂತ್ರ್ಯವನ್ನು ಕಾಲೇಜುಗಳಿಗೆ ಕೊಟ್ಟಿತು. ಆ ಪೀಠವೂ ಲಾಭಕೋರತನ ಮತ್ತು ಕ್ಯಾಪಿಟೇಶನ್ ಸಲ್ಲದು ಎಂದೇ ಹೇಳಿತು. ಇಷ್ಟು ವರ್ಷಗಳಲ್ಲಿ ಬದಲಾಗದೆ ಉಳಿದ ಮಾತು ಅದೊಂದೇ.

‘ನಮ್ಮ ತೋಟದ ದುಡ್ಡು, ನಮ್ಮ ಮಗಳಿಗೆ ಖರ್ಚು ಮಾಡಿದರೆ ಯಾರಿಗೇನು ನಷ್ಟ?’ ಎಂದು ನಿನ್ನಪ್ಪ ಕೇಳಬಹುದು. ದುಡ್ಡು ನಮ್ಮದು ನಿಜ. ಸೀಟು ನಮ್ಮದಲ್ಲ. 2024ರ ಸೀಟ್ ಬ್ಲಾಕಿಂಗ್ ಪ್ರಕರಣವನ್ನೇ ನೋಡು. ಎಂಜಿನಿಯರಿಂಗ್ ಸೇರುವ ಮನಸ್ಸಿಲ್ಲದ ವಿದ್ಯಾರ್ಥಿಗಳ ಲಾಗಿನ್ ಬಳಸಿ ಬೇಡಿಕೆಯ ಕಾಲೇಜುಗಳನ್ನು ಆಯ್ಕೆ ಮಾಡಲಾಗಿತ್ತು ಎಂಬುದು ಆರೋಪ. ಸೀಟು ಸಿಕ್ಕವರು ಕೊನೆಗೆ ಕಾಲೇಜಿಗೆ ಹೋಗುವುದಿಲ್ಲ. ಸೀಟು ಹಂಚಿಕೆಯ ಸುತ್ತುಗಳೆಲ್ಲ ಮುಗಿದಿರುವುದರಿಂದ ಖಾಲಿ ಸೀಟು ಆಡಳಿತ ಮಂಡಳಿಯ ಪಾಲಾಗುತ್ತದೆ, ಅಲ್ಲಿಂದ ದುಡ್ಡು ಕೊಟ್ಟವರಿಗೆ ಹೋಗುತ್ತದೆ. ಬೆಂಗಳೂರಿನ ಪೊಲೀಸರು ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಸಿಬ್ಬಂದಿಯೂ ಸೇರಿ ಹಲವರನ್ನು ಬಂಧಿಸಿದರು. ಹೀಗೆ ಕೊಂಡ ಪ್ರತಿ ಸೀಟಿನ ಹಿಂದೆಯೂ ಪಟ್ಟಿಯಲ್ಲಿ ಮುಂದಿನ ಸಾಲಿನಲ್ಲಿದ್ದ ಒಂದು ಮಗು ಇರುತ್ತದೆ. ತನ್ನ ಸೀಟು ಹೇಗೆ ಹೋಯಿತೆಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ತನ್ನ ಓದೇ ಸಾಲಲಿಲ್ಲ ಎಂದುಕೊಳ್ಳುತ್ತದೆ. ಮಾಸ್ತರಿಕೆ ಮಾಡಿದ ನನಗೆ ಎಲ್ಲಕ್ಕಿಂತ ನೋವು ಕೊಡುವುದು ಇದೇ.

ಅಮೆರಿಕದಲ್ಲೂ 2019ರಲ್ಲಿ ಇಂಥದೇ ಹಗರಣ ಹೊರಬಂತು. ರಿಕ್ ಸಿಂಗರ್ ಎಂಬ ದಲ್ಲಾಳಿ ಶ್ರೀಮಂತರ ಮಕ್ಕಳನ್ನು ಆಟಗಾರರೆಂದು ಸುಳ್ಳೇ ತೋರಿಸಿ, ಪರೀಕ್ಷೆಯ ಉತ್ತರಗಳನ್ನು ತಿದ್ದಿಸಿ ಹೆಸರುವಾಸಿ ವಿಶ್ವವಿದ್ಯಾಲಯಗಳಿಗೆ ಸೇರಿಸುತ್ತಿದ್ದ. ಅವನೂ ಹಲವು ತಂದೆ ತಾಯಿಯರೂ ಜೈಲು ಕಂಡರು. ಅಲ್ಲಿ ಎಷ್ಟೋ ಮಕ್ಕಳಿಗೆ ಅಪ್ಪ ಅಮ್ಮ ಮಾಡಿದ್ದು ತಿಳಿದೇ ಇರಲಿಲ್ಲ. ನಿನಗೆ ತಿಳಿದಿದೆ. ಆದ್ದರಿಂದ ಈ ತೀರ್ಮಾನ ಅಪ್ಪನದೊಂದೇ ಅಲ್ಲ, ನಿನ್ನದೂ ಹೌದು.

ಇನ್ನೊಂದು ಮಾತು ಹೇಳದಿದ್ದರೆ ಈ ಪತ್ರ ಅರ್ಧವಾಗುತ್ತದೆ. ಲಂಚ ಕೊಡದೆ ಸೀಟು ಪಡೆದ ಮಾತ್ರಕ್ಕೆ ಎಲ್ಲವೂ ಸ್ವಂತ ಪ್ರತಿಭೆ ಎಂದು ಎಣಿಸಬೇಡ. ನಿನಗೆ ಓದಿದ ಅಮ್ಮ ಇದ್ದಾಳೆ, ತೋಟದ ಆದಾಯ ಇದೆ. ಪಿಯುಸಿಗೆ ಕರಾವಳಿಯ ಹಾಸ್ಟೆಲಿನಲ್ಲಿ ಕೋಚಿಂಗ್ ಸಮೇತ ಓದಿದೆ. ಯಲ್ಲಾಪುರದ ಕಾಡಂಚಿನ ಸಿದ್ದಿ ಸಮುದಾಯದ ಹುಡುಗಿಗೆ ಇದ್ಯಾವುದೂ ಇಲ್ಲ. ನಮ್ಮ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿಗೆ ಹೋಗಲು 2020 ಬರಬೇಕಾಯಿತು. ಮೀಸಲಾತಿಯಿಂದ ನಮ್ಮ ಮಕ್ಕಳಿಗೆ ಸೀಟಿಲ್ಲವಾಯಿತು ಎಂದು ಊಟದ ಪಂಕ್ತಿಯಲ್ಲಿ ದನಿಯೆತ್ತಿ ಹೇಳುವವರು ನಮ್ಮಲ್ಲಿ ಬಹಳ ಮಂದಿ. ಡೊನೇಶನ್ನಿನಿಂದ ಹೋದ ಸೀಟಿನ ಬಗ್ಗೆ ಅವರು ಬಾಯಿಬಿಡುವುದಿಲ್ಲ. ಮೀಸಲಾತಿ ನಮಗೂ ಇದೆ: ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿದೆ. ಬಿಇಒ ಸಹಿಯ ವ್ಯಾಸಂಗ ಪ್ರಮಾಣಪತ್ರ ಹಚ್ಚಿ ನೀನೂ ಅರ್ಜಿ ಹಾಕಿದ್ದೀ. ಅದು ನಿನ್ನ ಹಕ್ಕು. ಸಿದ್ದಿ ಹುಡುಗಿಯ ಮೀಸಲಾತಿಯೂ ಅಷ್ಟೇ ಹಕ್ಕು. ದುಡ್ಡಿನ ಸೀಟು ಯಾರ ಹಕ್ಕೂ ಅಲ್ಲ.

ಈಗ ಮಾಡಬೇಕಾದ್ದು. ನಿನ್ನ ಲಾಗಿನ್, ಪಾಸ್‌ವರ್ಡ್, ಒಟಿಪಿಯನ್ನು ಯಾರಿಗೂ ಕೊಡಬೇಡ. ಆಪ್ಶನ್ ಎಂಟ್ರಿಯನ್ನು ಸೈಬರ್ ಸೆಂಟರಿನವನ ಮೇಲೆ ಬಿಡದೆ ನೀನೇ ಕೂತು ಮಾಡು. ಹೆಸರುವಾಸಿ ಕಾಲೇಜುಗಳನ್ನಷ್ಟೇ ಬರೆದು ನಿಲ್ಲಿಸಬೇಡ. ಕಾರವಾರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜನ್ನೂ ಸೇರಿಸು. ಶಿರಸಿಯ ಅರಣ್ಯ ಕಾಲೇಜಿನ ಬಗ್ಗೆಯೂ ಯೋಚಿಸು. ಬೇಡದ ಸೀಟು ಸಿಕ್ಕರೆ ಹಿಡಿದು ಕೂರದೆ ಗಡುವಿನೊಳಗೆ ಬಿಟ್ಟುಕೊಡು, ಮುಂದಿನ ಸುತ್ತಿನಲ್ಲಿ ಇನ್ನೊಬ್ಬರಿಗೆ ಹೋಗಲಿ. ಕುಟುಂಬದ ಆದಾಯ ಎಂಟು ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಮಾಫಿಯ ಎಸ್‌ಎನ್‌ಕ್ಯು ಸೀಟುಗಳಿವೆ, ನಿನ್ನ ಬಡ ಗೆಳತಿಯರಿಗೆ ಹೇಳು. ಆದಾಯ ಮುಚ್ಚಿಟ್ಟು ಆ ಸೀಟಿಗೆ ಕೈಹಾಕುವುದೂ ಕಳ್ಳತನವೇ. ಯಾರಾದರೂ ರಸೀದಿಯಿಲ್ಲದೆ ಹಣ ಕೇಳಿದರೆ ಪ್ರಾಧಿಕಾರಕ್ಕೋ ಶುಲ್ಕ ನಿಯಂತ್ರಣ ಸಮಿತಿಗೋ ಬರೆದು ದೂರು ಕೊಡು.

ನಿನ್ನಪ್ಪನ ಮೇಲೆ ಸಿಟ್ಟಾಗಬೇಡ. ಮಗಳ ಮೇಲಿನ ಪ್ರೀತಿ, ನಾಲ್ಕು ಜನ ಏನೆಂದಾರು ಎಂಬ ಅಂಜಿಕೆ ಎರಡೂ ಸೇರಿ ಅವನನ್ನು ಈ ದಾರಿಗೆ ಎಳೆದಿವೆ. ಎದುರು ಕೂತು, ಬೇಡ ಎಂದು ಮೆತ್ತಗೆ ಆದರೆ ಗಟ್ಟಿಯಾಗಿ ಹೇಳು. ನೀನು ಎಲ್ಲಿಯೇ ಸೇರು, ರಸೀದಿ ಇರುವ ಶುಲ್ಕದಲ್ಲಿ ಕಡಿಮೆ ಬಿದ್ದದ್ದನ್ನು ನನ್ನ ಪಿಂಚಣಿಯಿಂದ ತುಂಬಿಕೊಡುತ್ತೇನೆ. ರಸೀದಿ ಇಲ್ಲದ್ದಕ್ಕೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ