ಹಳೆಯದಲ್ಲ, ಬರೀ ಕೊಳೆ: ಕ್ಲೈಂಬಿಂಗ್ ಶೂ ಸೋಲ್‌ಗಳ ಆರೈಕೆ



ನಾನು ಡ್ರೆಸ್ಡನ್‌ಗೆ ಬಂದ ಹೊಸತರಲ್ಲಿ, ಊರಿಗೆ ವಾಪಸ್ ಹೊರಟಿದ್ದ ಸೀನಿಯರ್ ಒಬ್ಬರು ತಮ್ಮ ಪ್ರೆಶರ್ ಕುಕ್ಕರನ್ನೂ ಒಂದು ಜೊತೆ ಕ್ಲೈಂಬಿಂಗ್ ಶೂಗಳನ್ನೂ ನನಗೆ ಕೊಟ್ಟು ಹೋದರು. ಕುಕ್ಕರ್ ಮೊದಲ ದಿನವೇ ಸೀಟಿ ಹೊಡೆಯಿತು. ಶೂ ಮಾತ್ರ ಕೈಕೊಟ್ಟಿತು. ಬೌಲ್ಡರಿಂಗ್ ಹಾಲ್‌ನಲ್ಲಿ ಎಲ್ಲಿ ಕಾಲಿಟ್ಟರೂ ಜಾರೋದು. ಹೊಸ ಶೂ ಬೆಲೆ ನೋಡಿದೆ, ನೂರು ಯೂರೋ ಮೇಲೆ! ಅಂದರೆ ನನ್ನ ಒಂದು ತಿಂಗಳ ದಿನಸಿ ಖರ್ಚು. ಆಗ ಪಕ್ಕದಲ್ಲಿ ಕೂತಿದ್ದ ಒಬ್ಬ ಹಿರಿಯರು ನನ್ನ ಶೂ ತಿರುಗಿಸಿ ನೋಡಿ, ಒದ್ದೆ ಬಟ್ಟೆಯಿಂದ ಸೋಲ್ ಒರೆಸಿ, ಅಂಗೈಯಿಂದ ಗಸಗಸ ಉಜ್ಜಿದರು. ‘ಕೀಚ್’ ಅಂತ ಸದ್ದು ಬಂತು. "ಈಗ ಹತ್ತು" ಅಂದರು. ಕಾಲು ನಿಂತಿತು!

ಶೂ ಹಳೆಯದಾಗಿರಲಿಲ್ಲ, ಕೊಳೆಯಾಗಿತ್ತು ಅಷ್ಟೇ. ಆವತ್ತಿನಿಂದ ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ರಬ್ಬರ್ ಹಿಡಿಯೋದು ಹೇಗೆ?

ಬಂಡೆಯ ಮೈ ನಯವಾಗಿ ಕಂಡರೂ ಅದರ ತುಂಬ ಸಣ್ಣ ಸಣ್ಣ ಉಬ್ಬು ತಗ್ಗುಗಳಿರುತ್ತವೆ. ನಮ್ಮ ಭಾರ ಬಿದ್ದಾಗ ಮೆತ್ತನೆಯ ರಬ್ಬರ್ ಆ ತಗ್ಗುಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ನಡುವೆ ಧೂಳು, ಮಣ್ಣು, ಅಥವಾ ಕೈಗೆ ಹಚ್ಚಿಕೊಳ್ಳುವ ಚಾಕ್, ಅಂದರೆ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ ಇದ್ದರೆ ರಬ್ಬರ್ ಬಂಡೆಯನ್ನು ಮುಟ್ಟುವುದೇ ಇಲ್ಲ. ಹಿಟ್ಟು ಚೆಲ್ಲಿದ ನೆಲದ ಮೇಲೆ ಕಾಲಿಟ್ಟ ಹಾಗೆ. ಇನ್ನೊಂದು ವಿಷಯ: ಗಾಳಿ ಮತ್ತು ಬಿಸಿಲಿಗೆ ರಬ್ಬರ್‌ನ ಮೇಲ್ಪದರ ನಿಧಾನವಾಗಿ ಗಟ್ಟಿಯಾಗಿ ಹೊಳಪು ಬರುತ್ತದೆ. ಆ ಹೊಳಪು ಹೊಸತನದ ಗುರುತಲ್ಲ, ಜಾರುವ ಸೂಚನೆ.

ತೊಳೆಯುವ ಕ್ರಮ

1. ಪ್ರತಿ ಸಲ ಹತ್ತುವ ಮುಂಚೆ ಒದ್ದೆ ಬಟ್ಟೆಯಿಂದ ಸೋಲ್ ಒರೆಸಿ, ಒಣಗಿಸಿ, ಅಂಗೈಯಿಂದ ಉಜ್ಜಿ. ‘ಕೀಚ್’ ಅಂದರೆ ರೆಡಿ.
2. ಕೆಲವು ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಸೋಪು, ಹಳೆಯ ಟೂತ್‌ಬ್ರಷ್ ಇಟ್ಟುಕೊಂಡು ಸೋಲ್ ಮಾತ್ರ ತಿಕ್ಕಿ. ಇಡೀ ಶೂವನ್ನು ಬಕೆಟ್‌ನಲ್ಲಿ ಮುಳುಗಿಸಬೇಡಿ.
3. ಸೋಪು ಪೂರ್ತಿ ಹೋಗುವವರೆಗೆ ಒದ್ದೆ ಬಟ್ಟೆಯಿಂದ ಒರೆಸಿ. ಉಳಿದ ಸೋಪು ಕೊಳೆಗಿಂತ ಹೆಚ್ಚು ಜಾರುತ್ತದೆ.
4. ಒಳಗೆ ನ್ಯೂಸ್‌ಪೇಪರ್ ತುರುಕಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ.
5. ಹೊಳಪು ಬಂದ ಜಾಗವನ್ನು ನುಣುಪಾದ ಉಪ್ಪುಕಾಗದದಿಂದ ಹಗುರವಾಗಿ ಒಮ್ಮೆ ಉಜ್ಜಬಹುದು. ಇದು ಅಪರೂಪಕ್ಕೆ ಮಾತ್ರ. ಇಡೀ ಸೋಲ್ ಇರುವುದೇ ಸುಮಾರು 4 ಮಿಲಿಮೀಟರ್ ದಪ್ಪ!

ಮಾಡಬಾರದ್ದು

ವಾಷಿಂಗ್ ಮಷೀನ್ ಬೇಡ. ಥಿನ್ನರ್, ಪೆಟ್ರೋಲ್ ಬೇಡವೇ ಬೇಡ, ಅವು ರಬ್ಬರನ್ನೂ ಅಂಟನ್ನೂ ಹಾಳು ಮಾಡುತ್ತವೆ. ಸೋಲ್ ಶೂಗೆ ಅಂಟಿಕೊಂಡಿರುವುದು ಬರೀ ಅಂಟಿನಿಂದ, ಅದಕ್ಕೆ ಬಿಸಿ ಆಗುವುದಿಲ್ಲ. ಚಳಿಗಾಲದಲ್ಲಿ ಬೇಗ ಒಣಗಲಿ ಅಂತ ನಾನು ಒಂದು ರಾತ್ರಿ ಶೂವನ್ನು ಹೀಟರ್ ಮೇಲಿಟ್ಟೆ. ಬೆಳಿಗ್ಗೆ ನೋಡಿದರೆ ಹೆಬ್ಬೆರಳ ಹತ್ತಿರ ಸೋಲ್ ಬಾಯಿ ಬಿಟ್ಟಿತ್ತು. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟರೂ ಇದೇ ಗತಿ.

ಎಲ್ಲಕ್ಕಿಂತ ಮುಖ್ಯ, ಆ ಶೂ ಹಾಕಿಕೊಂಡು ಓಡಾಡಬೇಡಿ. ಹೊರಗಿನ ಚಪ್ಪಲಿ ಹೊಸ್ತಿಲು ದಾಟಬಾರದು ಅಂತ ನಮ್ಮ ಮನೆಗಳಲ್ಲಿ ಹೇಳ್ತಾರಲ್ವಾ? ಇಲ್ಲಿ ಅದನ್ನೇ ತಿರುಗಿಸಿಕೊಳ್ಳಿ: ಬಂಡೆಯ ಶೂ ನೆಲ ಮುಟ್ಟಬಾರದು. ಹಾಲ್‌ನ ಟಾಯ್ಲೆಟ್‌ಗಂತೂ ಖಂಡಿತ ಹೋಗಬಾರದು.

ಹೊರಗಿನ ಬಂಡೆಗೆ ಹೋದಾಗ

ಡ್ರೆಸ್ಡನ್‌ನಿಂದ ಎಸ್-ಬಾನ್ ಹತ್ತಿದರೆ ಎಲ್ಬೆ ನದಿಯ ದಂಡೆಯ ಮರಳುಗಲ್ಲಿನ ಬೆಟ್ಟಗಳು ಸಿಗುತ್ತವೆ. ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಬಾದಾಮಿ, ಅದೂ ಮರಳುಗಲ್ಲೇ. ಆದರೆ ಇಲ್ಲಿನ ನಿಯಮಗಳು ಕಟ್ಟುನಿಟ್ಟು. ಚಾಕ್ ಬಳಸುವ ಹಾಗಿಲ್ಲ. ಬಂಡೆ ಒದ್ದೆಯಿದ್ದಾಗ ಹತ್ತುವ ಹಾಗಿಲ್ಲ, ಯಾಕೆಂದರೆ ನೆನೆದ ಮರಳುಗಲ್ಲು ಶಕ್ತಿ ಕಳೆದುಕೊಂಡು ಮುರಿಯುತ್ತದೆ. ಹಗ್ಗ ಸಿಕ್ಕಿಸುವ ಉಕ್ಕಿನ ಬಳೆಗಳೂ ದೂರ ದೂರ.

ಅಲ್ಲಿ ಒಂದು ಬೆಳಿಗ್ಗೆ ನಾನು ಆತುರದಲ್ಲಿ ಕೆಳಗೇ ಶೂ ಹಾಕಿಕೊಂಡು, ಇಬ್ಬನಿ ಬಿದ್ದ ಮರಳಿನ ಮೇಲೆ ನಾಲ್ಕು ಹೆಜ್ಜೆ ನಡೆದು, ಸೋಲ್ ಒರೆಸದೆ ಹತ್ತಿದೆ. ಬಳೆ ದಾಟಿ ಎರಡು ಮೀಟರ್ ಮೇಲೆ ಬಲಗಾಲು ಜಾರಿತು. ಕೆಳಗೆ ಹಗ್ಗ ಹಿಡಿದಿದ್ದ ರೂಮ್‌ಮೇಟ್ ಎಚ್ಚರವಾಗಿದ್ದ, ಮೊಣಕಾಲು ತರಚಿತು, ಅಷ್ಟಕ್ಕೇ ಮುಗಿಯಿತು. ಆವತ್ತು ಮನೆಗೆ ಫೋನ್ ಮಾಡಿದಾಗ ಅಮ್ಮನಿಗೆ ಈ ವಿಷಯ ಹೇಳಲಿಲ್ಲ. ಈಗ ನನ್ನ ಬ್ಯಾಗಿನಲ್ಲಿ ಒಂದು ಸಣ್ಣ ಕಾಲೊರಸು ಸದಾ ಇರುತ್ತದೆ. ಬಂಡೆಯ ಬುಡದಲ್ಲಿ ಅದರ ಮೇಲೆ ಕೂತು ಶೂ ಹಾಕಿ, ಸೋಲ್ ಒರೆಸಿ, ಅಲ್ಲಿಂದ ನೇರ ಬಂಡೆಗೆ.

ಇದು ನಮ್ಮ ಜೀವದ ಮಾತು ಮಾತ್ರವಲ್ಲ. ಸೋಲ್‌ಗೆ ಅಂಟಿದ ಮರಳು ಉಪ್ಪುಕಾಗದದಂತೆ ಬಂಡೆಯನ್ನೂ ಸವೆಸುತ್ತದೆ. ಮೇಲಿನ ಗಟ್ಟಿ ಪದರ ಹೋದರೆ ಒಳಗಿರುವುದು ಮೆತ್ತನೆಯ ಕಲ್ಲು. ನಾಳೆ ಹತ್ತುವವರಿಗೂ ಹಿಡಿತ ಉಳಿಯಬೇಕಲ್ಲ?

ಹೊಸ ಸೋಲ್ ಯಾವಾಗ?

ಶೂವಿನ ಮುಂಭಾಗದ ಸುತ್ತ ತೆಳ್ಳಗಿನ ಇನ್ನೊಂದು ರಬ್ಬರ್ ಪಟ್ಟಿ ಇರುತ್ತದೆ, ಅದಕ್ಕೆ ರ‍್ಯಾಂಡ್ ಅಂತಾರೆ. ಸೋಲ್‌ನ ಅಂಚು ದುಂಡಾಗಿ, ಸವೆತ ಆ ಪಟ್ಟಿಯ ಹತ್ತಿರ ಬಂದಾಗಲೇ ರಿಪೇರಿಗೆ ಕೊಡಿ. ಆಗ ಹೊಸ ಶೂವಿನ ಅರ್ಧ ಬೆಲೆಯ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ತೂತು ಬೀಳುವವರೆಗೆ ಕಾದರೆ ಪಟ್ಟಿಯನ್ನೂ ಬದಲಿಸಬೇಕು, ಖರ್ಚೂ ಜಾಸ್ತಿ. ಅಂದಹಾಗೆ, ಹೆಬ್ಬೆರಳ ಭಾಗ ಬೇಗ ಸವೆಯುತ್ತಿದ್ದರೆ ತಪ್ಪು ಶೂವಿನದ್ದಲ್ಲ, ಕಾಲನ್ನು ಗೋಡೆಗೆ ಎಳೆದಾಡುವ ನಮ್ಮದು. ನೋಡಿ, ಸದ್ದಿಲ್ಲದೆ ಇಡಿ.

ಕೊನೆಗೊಂದು ಮಾತು. 1935ರಲ್ಲಿ ಇಟಲಿಯ ಪರ್ವತಾರೋಹಿ ವಿಟಾಲೆ ಬ್ರಮಾನಿ ಆಲ್ಪ್ಸ್‌ನಲ್ಲಿ ಆರು ಜನ ಸಂಗಾತಿಗಳನ್ನು ಕಳೆದುಕೊಂಡರು. ಆ ಕಾಲದ ಬೂಟುಗಳೂ ದುರಂತಕ್ಕೆ ಒಂದು ಕಾರಣವೆನಿಸಿ, ಅವರು ಪರ್ವತಕ್ಕೆ ತಕ್ಕ ರಬ್ಬರ್ ಸೋಲ್ ರೂಪಿಸಿದರು. ಅವರ ಹೆಸರಿನಿಂದಲೇ ‘ವಿಬ್ರಮ್’ ಹುಟ್ಟಿತು. ಇವತ್ತು ಎಷ್ಟೋ ಕ್ಲೈಂಬಿಂಗ್ ಶೂಗಳ ಅಡಿಯಲ್ಲಿ ಆ ಹೆಸರು ಕಾಣುತ್ತದೆ. ಸೋಲ್ ಒರೆಸುವ ಎರಡು ನಿಮಿಷ ಬೇಜಾರು ಅನ್ನಿಸಿದಾಗ ನಾನು ಆ ಆರು ಜನರನ್ನು ನೆನೆಯುತ್ತೇನೆ.

ಆ ಸೀನಿಯರ್ ಕೊಟ್ಟ ಶೂ ಎರಡು ಸಲ ಹೊಸ ಸೋಲ್ ಕಂಡು ಇನ್ನೂ ಗಟ್ಟಿಯಾಗಿದೆ. ನಾನು ಊರಿಗೆ ಹೊರಡುವಾಗ ಅದನ್ನು ಯಾರಿಗಾದರೂ ಕೊಟ್ಟೇ ಹೋಗೋದು. ಸೈಜ್ 42. ಕುಕ್ಕರ್ ಕೂಡ ಸಿಗುತ್ತದೆ!