ಹೆಸರು ಮೊದಲು, ಜೈಕಾರ ಆಮೇಲೆ

ಮಕ್ಕಳಿಗೆ ಯುದ್ಧದ ಕಥೆ ಹೇಳಿಕೊಡಬೇಕು ಅಂತ ಹೊರಟಿದ್ದೀಯ. ಒಳ್ಳೇ ಕೆಲಸ ಮಗು. ಆದರೆ ನಿನ್ನ ಅವಸರ ನನಗೆ ಗೊತ್ತಿಲ್ಲವೇ? ಕಾರ್ಗಿಲ್ ದಿನ ಬಂತೆಂದರೆ ಮಕ್ಕಳ ಕೈಗೆ ರಟ್ಟಿನ ಬಂದೂಕು, ಕೆನ್ನೆಗೆ ಬಣ್ಣ, ಬಾಯಿಗೊಂದು ಘೋಷಣೆ. ಅರ್ಧ ಗಂಟೆಯಲ್ಲಿ ಯುದ್ಧ ಮುಗಿಸಿ ಲಾಡು ಹಂಚಿಬಿಡುತ್ತೀಯ. ಸಂಜೆ ಅದೇ ಮಗುವನ್ನು ಕೇಳು, ಮಡಿದವರು ಯಾರು ಅಂತ. ಒಂದು ಹೆಸರೂ ಬರುವುದಿಲ್ಲ.

ಮೊದಲು ಒಂದು ಹೆಸರು ಕೊಡು. ಕೊಡಗಿನ ಅಜ್ಜಮಾಡ ದೇವಯ್ಯ ವಾಯುಪಡೆಯಲ್ಲಿದ್ದರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದವರು ಹಿಂದಿರುಗಲಿಲ್ಲ. ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದ್ದರು. ಆ ಸಂಗತಿ ಬಯಲಾದದ್ದು ವರ್ಷಗಟ್ಟಲೆ ಕಳೆದ ಮೇಲೆ, ಪಾಕಿಸ್ತಾನದ ಕಡೆಯ ವಿವರ ಸೇರಿಸಿ ಬ್ರಿಟಿಷ್ ಲೇಖಕನೊಬ್ಬ ಬರೆದ ಪುಸ್ತಕದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಎದುರಾಳಿಯ ಮಾತಿಗೂ ಕಿವಿಗೊಟ್ಟಿದ್ದರಿಂದಲೇ ನಮ್ಮವರ ಶೌರ್ಯ ಬೆಳಕಿಗೆ ಬಂತು. ಹಾಗಾಗಿ ಬೈಗುಳವನ್ನೇ ಇತಿಹಾಸ ಅಂತ ಕಲಿಸಬೇಡ. ಆ 23 ವರ್ಷ ಮನೆಯವರು ಹೇಗೆ ಕಳೆದಿರಬಹುದು ಅಂತ ಮಕ್ಕಳನ್ನು ಕೇಳಿ ಸುಮ್ಮನಿರು. ಸುಮ್ಮನಿರುವುದು ನಿನಗೆ ಕಷ್ಟ, ಬಲ್ಲೆ. ಆದರೂ ಇರು.

ಈಗ ಇಸ್ರೇಲಿನಲ್ಲಿರುವ ಹೈಫಾ ಊರಿನ, ಮೊದಲ ಮಹಾಯುದ್ಧದ ಕಥೆಯನ್ನೂ ಹೇಳು. 1918ರ ಸೆಪ್ಟೆಂಬರ್ 23ರಂದು ಮೈಸೂರು, ಜೋಧಪುರದ ಲ್ಯಾನ್ಸರ್‌ಗಳು ಮೆಷಿನ್‌ಗನ್ನಿನ ಎದುರು ಕುದುರೆಯೇರಿ, ಭರ್ಜಿ ಹಿಡಿದು ನುಗ್ಗಿ ಆ ಊರನ್ನು ತುರ್ಕರಿಂದ ಗೆದ್ದರು. ಹುಡುಗರಿಗೆ ಮೈ ಜುಮ್ಮೆನ್ನುತ್ತದೆ, ಎನ್ನಲಿ. ಅಲ್ಲಿಗೇ ನಿಲ್ಲಿಸಬೇಡ. ಅದು ಯಾರ ಯುದ್ಧ? ನಮ್ಮ ಸೀಮೆಯ ಹುಡುಗ ಅಷ್ಟು ದೂರ ಹೋದದ್ದು ಸಂಬಳಕ್ಕೋ, ಅರಸರ ಮಾತಿಗೋ? ಇಂಥ ಪ್ರಶ್ನೆ ಕೇಳುವ ಮಗುವನ್ನು ಗದರಬೇಡ. ಅದೊಂದೇ ನಿನ್ನ ಪಾಠಕ್ಕೆ ಮನಸ್ಸು ಕೊಟ್ಟಿದೆ.

ನೆನಪಿಡುವ ಪಾಠ ನಮಗೆ ಹೊಸದೇನಲ್ಲ. ಊರೂರಲ್ಲೂ ವೀರಗಲ್ಲಿದೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ತುರು ಬಿಡಿಸಲು ಹೋಗಿ ಸತ್ತ ಸಾಮಾನ್ಯನಿಗೂ ಹಿರಿಯರು ಕಲ್ಲು ನಿಲ್ಲಿಸಿದರು. ಹತ್ತನೆಯ ಶತಮಾನದ ಆತಕೂರು ಕಲ್ಲಿನಲ್ಲಿ ರಾಷ್ಟ್ರಕೂಟ-ಚೋಳರ ತಕ್ಕೋಲದ ಯುದ್ಧದ ಜೊತೆಗೇ, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಮಾತೂ ಇದೆ. ರಾಜರ ಹೆಸರು ಮರೆತ ಮಗುವೂ ಕಾಳಿಯನ್ನು ಮರೆಯುವುದಿಲ್ಲ. ಮಕ್ಕಳನ್ನು ನಿಮ್ಮೂರಿನ ವೀರಗಲ್ಲಿನ ಹತ್ತಿರ ಕರೆದುಕೊಂಡು ಹೋಗು, ಮುಟ್ಟಿ ನೋಡಲಿ.

ಇನ್ನೊಂದು ಮಾತು. ಆರು ವರ್ಷದ ಕೂಸಿಗೆ ರಕ್ತ, ಹೆಣದ ಚಿತ್ರ ತೋರಿಸುವುದು ಹಾಲುಗಲ್ಲದ ಮಗುವಿಗೆ ಮೆಣಸಿನ ಸಾರು ಕುಡಿಸಿದ ಹಾಗೆ. ಅದಕ್ಕೆ ಕಾಳಿಯ ಕಥೆ ಸಾಕು. ಹೈಸ್ಕೂಲಿನವರಿಗೆ ಮಾತ್ರ ಏನನ್ನೂ ಮುಚ್ಚಿಡಬೇಡ. ಗೆದ್ದ ಕಡೆಯಲ್ಲೂ ಮನೆಗಳು ಮುರಿದವು ಅಂತ ನೇರವಾಗಿ ಹೇಳು.

ನಿಮ್ಮ ಬೀದಿಯಲ್ಲೇ ಯಾರಾದರೂ ಮಾಜಿ ಸೈನಿಕರಿದ್ದಾರು. ಅವರನ್ನು ಕರೆಸು. 'ಎಷ್ಟು ಜನರನ್ನು ಕೊಂದಿರಿ?' ಅನ್ನುವ ತುಂಟ ಇದ್ದೇ ಇರುತ್ತಾನೆ, ಅವನಿಗೆ ಮೊದಲೇ ತಿಳಿಹೇಳು. ಏನು ಉಣ್ಣುತ್ತಿದ್ದಿರಿ, ಮನೆಯ ಕಾಗದ ಯಾವಾಗ ಬರುತ್ತಿತ್ತು, ಜೊತೆಗಾರರು ಯಾವ ಊರಿನವರು ಅಂತ ಕೇಳಲಿ. ಹೇಳುತ್ತಾ ಹೇಳುತ್ತಾ ಅವರು ಮೌನವಾದರೆ ಕೆದಕಬೇಡ.

ಬಾವುಟವೂ ಹಾರಲಿ, ಜೈಕಾರವೂ ಆಗಲಿ, ಬೇಡ ಅನ್ನುವವರು ಯಾರು? ಅದಕ್ಕೆ ಮುಂಚೆ ಸಾಲಿನಲ್ಲಿ ನಿಂತ ಒಂದೊಂದು ಮಗುವಿಗೂ ಮಡಿದ ಒಬ್ಬರ ಹೆಸರು, ಊರು ಬಾಯಿಗೆ ಬರಲಿ. ನಿನ್ನಿಂದ ಖಂಡಿತ ಆಗುತ್ತದೆ. ಸ್ವಲ್ಪ ನಿಧಾನಿಸಬೇಕು, ಅಷ್ಟೇ.